ಮಾಗಿಯಲ್ಲೊಂದು ಕಡವಿನ ಹೋಟೆಲು

ಇಂಗ್ಲಿಷ್ ಕಥೆ ಕಾದಂಬರಿಗಳನ್ನು ಓದುವ ಅಭ್ಯಾಸವುಳ್ಳವರಿಗೆಲ್ಲ ಪರಿಚಿತವಾದ ಒಂದು ಚಿತ್ರವಿದೆ. ಸಮುದ್ರತೀರದ ಸಣ್ಣದೊಂದು ಬಂದರು; ಚಳಿಗಾಲ; ಬೇಸಗೆಯಲ್ಲಿ ಬಂದಿದ್ದ ಪ್ರವಾಸಿಗಳೆಲ್ಲ ಊರು ಸೇರಿದ್ದಾರೆ; ದೋಣಿಗಳನ್ನು ದಡಕ್ಕೆ ಎಳೆದು ಮಗುಚಿ ಹಾಕಿದ್ದಾರೆ; ಊರಿನ ಒಂದೇ ಒಂದು ಪಾನಗೃಹದಲ್ಲಿ ಅಗ್ಗಿಷ್ಟಿಕೆಯ ಮುಂದೆ ನಾಲ್ಕಾರು ಮಂದಿ ಬೆಸ್ತರು ಮಾತಿಲ್ಲದೆ ಕುಳಿತಿದ್ದಾರೆ. ಹೊಸಬನೊಬ್ಬ ಬಾಗಿಲು ತಳ್ಳಿ ಒಳಗೆ ಬಂದರೆ ಎಲ್ಲರೂ ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಅಲ್ಲಿಂದ ಕಥೆ ಆರಂಭವಾಗುತ್ತದೆ.

ನಮ್ಮ ಮಂಡ್ಯ ಜಿಲ್ಲೆಗೆ ಸಮುದ್ರವಿಲ್ಲ, ಬಂದರಿಲ್ಲ. ಹೆಂಡದಂಗಡಿ ಇರಲಿಲ್ಲವೆಂದಲ್ಲ, ಈಚಲುವನಗಳ ಮಗ್ಗುಲಲ್ಲಿ ಅವು ಬೇಕಾದಷ್ಟಿದ್ದವು. ಆದರೆ ಬಿಳಿ ಪಂಚೆಯವರು ಹಗಲಿನಲ್ಲಿ ಅಲ್ಲಿಗೆ ಹೋಗುತ್ತಿರಲಿಲ್ಲ. ಹೋದವರು ಹೋದೆವೆಂದು ಹೇಳಿಕೊಳ್ಳುತ್ತಲೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಆ ಪಾನಗೃಹದ ಸ್ಥಾನದಲ್ಲಿದ್ದುದು, ನನಗೆ ತಿಳಿದಮಟ್ಟಿಗೆ, ಹೊಳೆಯ ಕಡವಿನಲ್ಲಿದ್ದ ಕಾಫಿ ಹೋಟೆಲು. ಹರಿಗೋಲು ಬರುವವರೆಗೆ ಕಾಯುವವರಿಗೆ ಅದೇ ನೆರಳು, ಅದೇ ವೃತ್ತಪತ್ರಿಕೆ, ಅದೇ ನ್ಯಾಯಸ್ಥಾನ. ಅಂಥದೊಂದು ಹೋಟೆಲಿಗೆ ಈಚಿನ ಒಂದು ಧನುರ್ಮಾಸದಲ್ಲಿ ನಾನು ಹೋಗಿ ಬಂದೆ. ಆ ಸಂಗತಿಯನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ.

ಶ್ರೀರಂಗಪಟ್ಟಣದಲ್ಲಿ ಇಳಿದು ಪಾಂಡವಪುರದ ಬಸ್ಸು ಹಿಡಿದೆ. ಹೈದರ್ ಮತ್ತು ಟೀಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಊರು ಅದು. ಕುಂತಿಬೆಟ್ಟದ ಬಂಡೆಗಳ ತಲೆಯ ಮೇಲೆ ಇನ್ನೂ ಮಂಜು ಕುಳಿತಿತ್ತು. ಚಿನಕುರಳಿ ದಾಟಿದ ಮೇಲೆ ಎರಡೂ ಕಡೆಯಿಂದ ಆಲೆಮನೆಯ ಹೊಗೆ, ಬೆಲ್ಲದ ಪಾಕದ ವಾಸನೆ. ಕಣಗಳಲ್ಲಿ ಒಕ್ಕಣೆ ನಡೆದಿತ್ತು. ಹಿಂದೆ ಅತ್ತಿಕುಪ್ಪೆ ಎಂದು ಹೆಸರಿದ್ದ ಕೃಷ್ಣರಾಜಪೇಟೆಯಲ್ಲಿ ಬಸ್ಸು ಬದಲಾಯಿಸಿದೆ. ಆ ತಾಲ್ಲೂಕಿನ ಮಣ್ಣಿಗೆ ಏನೋ ಗುಣವಿರಬೇಕು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರು ನಮಗೆ ಒಲುಮೆಯ ಭಾಷೆಯನ್ನು ಕಲಿಸಿದರು. ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ಹರಟೆ ಹೊಡೆಯುವುದೂ ಒಂದು ವಿದ್ಯೆಯೆಂಬುದನ್ನು ತೋರಿಸಿಕೊಟ್ಟರು. ಅಂಥವರ ಸೀಮೆಯಲ್ಲಿ ನಾನು ಬರೆದ ಬರಹ ಒಂದೇ ಒಂದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೂಡಿಗೆರೆಯ ಕಡೆಯಿಂದ ಬರುವ ಹೇಮಾವತಿ, ಕೊಡಗಿನಿಂದ ಬರುವ ಕಾವೇರಿ, ಬ್ರಹ್ಮಗಿರಿಯ ಇರ್ಪುವಿನಲ್ಲಿ ಧುಮುಕಿ ಬರುವ ಲಕ್ಷ್ಮಣತೀರ್ಥ, ಈ ಮೂರೂ ಕೂಡುವ ಎಡೆಯಲ್ಲಿ ಅಂಬಿಗರಹಳ್ಳಿ ಇದೆ. ಹೆಸರೇ ಸಾಕು, ಊರಿನ ಕಸುಬೇನೆಂದು ಕೇಳಬೇಕಾಗಿಲ್ಲ. ಬಾಲಕನಾಗಿದ್ದ ಮಾದೇಶ್ವರ ಮೈಮೇಲಿನ ಬಟ್ಟೆಯನ್ನು ನೀರಿಗೆ ಹಾಸಿ ಇಲ್ಲಿ ಹೊಳೆ ದಾಟಿದನೆಂಬುದು ಆ ಕಡೆಯವರ ಐತಿಹ್ಯ. 2022ರ ಅಕ್ಟೋಬರಿನಲ್ಲಿ ಆ ಸಂಗಮದಲ್ಲಿ ಕುಂಭಮೇಳ ನಡೆಯಿತು. ನಾನು ಹೇಳುತ್ತಿರುವ ಹೋಟೆಲು ಅಲ್ಲಿಂದ ಬಹಳ ದೂರವಲ್ಲದ ಮತ್ತೊಂದು ಊರಿನಲ್ಲಿದೆ. ಹೆಸರು ಹೇಳುವುದಿಲ್ಲ. ಅಲ್ಲೊಬ್ಬ ವೃದ್ಧರಿದ್ದಾರೆ, ಅವರ ಮನೆಯ ಮುಂದೆ ನಾಳೆ ಜನ ನೆರೆಯಬಾರದು.

ಹೊಳೆ ಎಂದೆನಷ್ಟೆ. ನಿಜವಾಗಿ ಅದು ಕನ್ನಂಬಾಡಿಯ ಹಿನ್ನೀರು. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ಕಟ್ಟಿದ ಕೃಷ್ಣರಾಜಸಾಗರ ಕೆಳಗಿನವರಿಗೆ ಅನ್ನವನ್ನು ಕೊಟ್ಟಿತು, ಮೇಲಿನವರಿಗೆ ನೀರಿನ ಅಗಲವನ್ನು ಕೊಟ್ಟಿತು. ಕನ್ನಂಬಾಡಿಯ ಊರೂ ಅದರ ವೇಣುಗೋಪಾಲಸ್ವಾಮಿಯ ಗುಡಿಯೂ ಒಳಗೆ ಹೋದವು. ಎಷ್ಟೋ ವರ್ಷಗಳ ಮೇಲೆ ಆ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ಬಳಿ ಮತ್ತೆ ನಿಲ್ಲಿಸಿದ್ದಾರೆ. ಅಣೆಕಟ್ಟೆ 124.80 ಅಡಿಗೆ ತುಂಬಿದಾಗ ಹಿನ್ನೀರಿನ ಹಳ್ಳಿಗಳ ತೋಟದ ಬೇಲಿಗೆ ನೀರು ತಾಗುತ್ತದೆ. ನಾಲೆಗಳಿಗೆ ಬಿಡುತ್ತ ಬಿಡುತ್ತ ಅದು ಇಳಿಯುತ್ತದೆ. ಮಾಗಿಯ ಹೊತ್ತಿಗೆ ಕೆಸರಿನ ಪಟ್ಟಿಯೊಂದನ್ನು ಬಿಟ್ಟು ಹಿಂದಕ್ಕೆ ಸರಿಯಲು ತೊಡಗುತ್ತದೆ. ಹರಿಗೋಲು ನಿಲ್ಲುವ ಜಾಗವೂ ನೀರಿನ ಜೊತೆಗೆ ಸರಿಯುತ್ತದೆ. ಹೋಟೆಲು ಮಾತ್ರ ಇದ್ದಲ್ಲೇ ಇರುತ್ತದೆ. ಬೇಸಗೆ ಏರಿದಂತೆಲ್ಲ ಗಿರಾಕಿಗಳು ಒಂದೊಂದು ಮಾರು ಹೆಚ್ಚು ನಡೆಯಬೇಕು.

ಆ ಊರಿಗೆ ನಾನು ಮೊದಲು ಹೋದದ್ದು 1976ರಲ್ಲಿ, ಮೇಷ್ಟರ ಕೆಲಸದ ಮೇಲೆ. ಆಗಿನ್ನೂ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟುತ್ತಿದ್ದರು. ಈಚೆ ದಡದಲ್ಲಿ ಬಾಡಿಗೆಗೆ ಕೋಣೆ, ಆಚೆ ದಡದಲ್ಲಿ ಶಾಲೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೊಳೆ ದಾಟಬೇಕು. ಹೋಟೆಲಿಗೆ ಹೆಂಚಿನ ಮಾಡು, ಮುಂದೆ ಮಣ್ಣಿನ ಜಗಲಿ, ಒಳಗೆ ಎರಡು ಬೆಂಚು. ನಾಗಮಂಗಲದ ಎರಕದವರ ಕೈಯ ದೊಡ್ಡದೊಂದು ಹಿತ್ತಾಳೆ ಹಂಡೆಯಲ್ಲಿ ಸದಾ ನೀರು ಕುದಿಯುತ್ತಿತ್ತು. ಬೆಲ್ಲದ ಕಾಫಿ, ಇಡ್ಲಿ, ಮಾಗಿಯಲ್ಲಾದರೆ ಅವರೆಕಾಳಿನ ಉಪ್ಪಿಟ್ಟು. ಗೂಡಿನಲ್ಲಿ ಒಂದು ರೇಡಿಯೋ. ಬೆಳಗಿನ ಪ್ರದೇಶ ಸಮಾಚಾರ ಮುಗಿದದ್ದೇ ಅಂಬಿಗ ಎದ್ದು ಹುಟ್ಟನ್ನು ಹೆಗಲಿಗೇರಿಸುತ್ತಿದ್ದ. ಆ ಕಡವಿಗೆ ಬೇರೆ ಗಡಿಯಾರವಿರಲಿಲ್ಲ.

ಇಷ್ಟನ್ನೇ ಹೇಳಿದರೆ ಚಿತ್ರ ಸೊಗಸಾಗಿ ಕಾಣುತ್ತದೆ. ಆದರೆ ಜಗಲಿಯ ಹೊರಗೆ, ಸೂರಿನ ತೊಲೆಯಲ್ಲಿ, ನಾಲ್ಕು ಮೊಳೆಗಳಿದ್ದವು. ಅವಕ್ಕೆ ನಾಲ್ಕು ಲೋಟಗಳು ತೂಗುಬಿದ್ದಿದ್ದವು. ಆ ಲೋಟಗಳು ಯಾರಿಗೆಂಬುದನ್ನು ವಿವರಿಸಬೇಕಾಗಿಲ್ಲ. ಕುಡಿದವರೇ ತೊಳೆದು, ತಿರುಗಿ ತೂಗುಹಾಕಿ ಹೋಗಬೇಕಾಗಿತ್ತು. ಪ್ರತಿದಿನ ಅವುಗಳ ಕೆಳಗೆ ತಲೆ ಬಗ್ಗಿಸಿ ನಾನು ಒಳಗೆ ಹೋಗುತ್ತಿದ್ದೆ. ತರಗತಿಯಲ್ಲಿ ಬಸವಣ್ಣನವರನ್ನು ಪಾಠ ಮಾಡಿ ಬಂದ ದಿನವೂ ಹಾಗೆಯೇ ಹೋಗಿ ಕಾಫಿ ಕುಡಿಯುತ್ತಿದ್ದೆ.

ಆಗಿನ ಅಂಬಿಗನಿಗೆ ಮೂವತ್ತೈದರ ಸುಮಾರು ವಯಸ್ಸು. ಕಡವನ್ನು ವರ್ಷಕ್ಕೊಮ್ಮೆ ಹರಾಜಿನಲ್ಲಿ ಗುತ್ತಿಗೆ ಹಿಡಿಯಬೇಕು. ಆ ವರ್ಷ ಅವನು ಹೆಂಡತಿಯ ಓಲೆಯನ್ನು ಒತ್ತೆಯಿಟ್ಟು ಹಿಡಿದಿದ್ದ. ಹರಿಗೋಲು ಅವನೇ ಹೆಣೆದದ್ದು. ಬಿದಿರ ಸೀಳುಗಳನ್ನು ನೀರಿನಲ್ಲಿ ನೆನೆಹಾಕಿ ಬುಟ್ಟಿಯಂತೆ ಬಾಗಿಸಿ, ಹೊರಮೈಗೆ ಗೋಣಿ ಹೊದಿಸಿ ಟಾರು ಬಳಿದಿದ್ದ. ಹರಿಗೋಲಿಗೆ ಮೂತಿಯಿಲ್ಲ, ಹಿಂದುಮುಂದಿಲ್ಲ. ಹುಟ್ಟು ಹಾಕುವ ಕೈಗೆ ದಿಕ್ಕು ಗೊತ್ತಿರಬೇಕು, ಇಲ್ಲವಾದರೆ ಅದು ಗಿರಗಿರನೆ ತಿರುಗುತ್ತ ನಿಂತಲ್ಲೇ ನಿಲ್ಲುತ್ತದೆ. ದಡ ಕಾಣದ ದಿನ ಹರಿಗೋಲನ್ನು ಬಿಡಬಾರದೆಂಬುದು ಅವನ ಕುಲದ ಶಾಸ್ತ್ರ.

1977ರ ಜನವರಿ. ತುರ್ತು ಪರಿಸ್ಥಿತಿಯ ದಿನಗಳು. ಹೊತ್ತಿಗೆ ಸರಿಯಾಗಿ ಬರಬೇಕು, ಕಡಿಮೆ ಮಾತು ಹೆಚ್ಚು ದುಡಿಮೆ ಎಂದು ಗೋಡೆಗೋಡೆಯ ಮೇಲೆ ಬರೆದಿತ್ತು. ಒಂದು ಸೋಮವಾರ ನಮ್ಮ ಶಾಲೆಗೆ ತನಿಖೆಯವರು ಬರುವವರಿದ್ದರು. ಬೆಳಗ್ಗೆ ಹೋಟೆಲಿಗೆ ಬಂದಾಗ ಹಿನ್ನೀರಿನ ಮೇಲೆ ಹಾಲು ಚೆಲ್ಲಿದಂತೆ ಮಂಜು ಕವಿದಿತ್ತು. ಹತ್ತು ಮಾರು ಆಚೆ ಏನೂ ಕಾಣದು. ರೇಡಿಯೋದಲ್ಲಿ ಸಮಾಚಾರ ಮುಗಿಯಿತು, ಅಂಬಿಗ ಏಳಲಿಲ್ಲ.

“ಏನಯ್ಯಾ, ಹೊರಡೋಲ್ವೆ?” ಎಂದೆ.

“ಮಂಜು ಬಿಚ್ಚಲಿ ಮೇಷ್ಟ್ರೇ. ಹೊಳೆ ಎಲ್ಗೂ ಓಗಕ್ಕಿಲ್ಲ” ಎಂದ, ಬೀಡಿ ಹಚ್ಚುತ್ತ.

ನಾನು ಗದರಿದೆ, ಕೂಗಾಡಿದೆ. ಅವನು ಅಲುಗಲಿಲ್ಲ. ಮಂಜು ಬಿಚ್ಚಿ ಆಚೆ ದಡದ ಹುಣಸೆಮರ ಕಂಡ ಮೇಲೆಯೇ ಎದ್ದ. ನಾನು ಶಾಲೆ ಸೇರುವಾಗ ಎರಡು ಗಂಟೆ ತಡವಾಗಿತ್ತು. ಬಂದವರು ಮಕ್ಕಳೆದುರಿಗೆ ನನ್ನನ್ನು ಆಡಬಾರದ ಮಾತಾಡಿದರು. ಆ ರಾತ್ರಿ ಲಾಂದ್ರದ ಬೆಳಕಿನಲ್ಲಿ ಕುಳಿತು ಕಡವಿನ ಹರಾಜು ಮಾಡುವ ಕಚೇರಿಗೆ ಒಂದು ಅರ್ಜಿ ಬರೆದೆ. ತಡಮಾಡಿದ, ಅವಿಧೇಯತೆ ತೋರಿದ, ಸಾರ್ವಜನಿಕರಿಗೆ ತೊಂದರೆ ಕೊಟ್ಟ ಎಂದು ಬರೆದೆ. ಇಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ವಾಕ್ಯ ಸಪ್ಪೆಯಾಗಿ ಕಂಡಿತು. ‘ಪಾನಮತ್ತನಾಗಿದ್ದ’ ಎಂಬ ಒಂದು ಮಾತನ್ನು ಸೇರಿಸಿದೆ. ಆಗ ವಾಕ್ಯಕ್ಕೆ ತೂಕ ಬಂತು.

ಅವನು ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು.

ಸಾಧಾರಣ ಕಾಲದಲ್ಲಾಗಿದ್ದರೆ ಆ ಕಾಗದ ಯಾವುದಾದರೂ ಕಟ್ಟಿನಲ್ಲಿ ಧೂಳು ಹಿಡಿಯುತ್ತಿತ್ತು. ಆ ಕಾಲದಲ್ಲಿ ಕಾಗದಗಳಿಗೆ ಕಾಲು ಬಂದಿತ್ತು. ತಿಂಗಳೊಳಗೆ ಗುತ್ತಿಗೆ ರದ್ದಾಯಿತು, ಕಡವು ಬೇರೊಬ್ಬನ ಕೈಸೇರಿತು. ಅವನು ಕಬ್ಬು ಕಡಿಯುವ ಕೂಲಿಗೆ ಹೋದ. ಜೂನಿನಲ್ಲಿ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ದಿನ ನನ್ನ ಕಬ್ಬಿಣದ ಪೆಟ್ಟಿಗೆಯನ್ನು ಬಸ್ಸಿನ ಜಾಗಕ್ಕೆ ಹೊತ್ತು ತಂದವನು ಅವನೇ. ಒಂದು ರೂಪಾಯಿ ಕೊಟ್ಟೆ; ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಅರ್ಜಿ ಬರೆದವನು ಯಾರೆಂಬುದು ಅವನಿಗೆ ತಿಳಿಯದು ಎಂದುಕೊಂಡು ಬಸ್ಸು ಹತ್ತಿದೆ. ಹಾಗೆಂದುಕೊಂಡೇ ನಲವತ್ತೈದು ವರ್ಷಗಳಿಗೂ ಮೀರಿ ಕಳೆದೆ.

ಕುಂಭಮೇಳದ ಸಮಯದಲ್ಲಿ ಒಮ್ಮೆ ಆ ಕಡೆಗೆ ಹೋಗಿದ್ದೆ. ಎಲ್ಲಿ ನೋಡಿದರೂ ಜನ, ವಾಹನ, ಧ್ವನಿವರ್ಧಕ. ಆ ಗದ್ದಲದಲ್ಲಿ ಯಾರನ್ನು ವಿಚಾರಿಸುವುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹಿಂದಿರುಗಿದೆ. ಸತ್ಯವಾಗಿ ಹೇಳುವುದಾದರೆ, ಗದ್ದಲ ನನಗೆ ಅನುಕೂಲವಾಗಿತ್ತು. ಜಾತ್ರೆಯಲ್ಲಿ ಯಾರೂ ಯಾರ ಗುರುತನ್ನೂ ಹಿಡಿಯುವುದಿಲ್ಲ. ಗುರುತು ಹಿಡಿಯಬೇಕಾದರೆ ಬಿಡುವಿನ ಕಾಲವೇ ಆಗಬೇಕು. ಧನುರ್ಮಾಸದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಹೊಳೆಯ ದಡಕ್ಕೆ ಬೀಗರ ದಿಬ್ಬಣ ಬರುವುದಿಲ್ಲ. ಊರವರು ಗದ್ದೆ ಕಣಗಳಲ್ಲಿರುತ್ತಾರೆ. ನಸುಕಿನಲ್ಲಿ ಗುಡಿಯ ಹುಗ್ಗಿಯ ಪ್ರಸಾದ ಹಂಚಿ ಮುಗಿದ ಮೇಲೆ ಕಡವಿನ ಹೋಟೆಲಿನಲ್ಲಿ ನೊಣವೂ ಇರುವುದಿಲ್ಲ.

ಹೋದೆ. ಹೆಂಚಿನ ಮಾಡು ಹೋಗಿ ತಗಡಿನ ಮಾಡಾಗಿದೆ. ಸೂರಿನ ತೊಲೆ ಹಳೆಯದೇ. ಮೊಳೆಗಳು ಇನ್ನೂ ಇವೆ, ಲೋಟಗಳಿಲ್ಲ. ಹಿತ್ತಾಳೆಯ ಹಂಡೆ ಇದೆ. ಅದರ ಪಕ್ಕದಲ್ಲಿ ಗ್ಯಾಸಿನ ಒಲೆ. ಅಂದಿನ ಯಜಮಾನರ ಮಗ ಈಗ ಯಜಮಾನ. ರಸ್ತೆಗಳಾಗಿ, ಮೋಟಾರು ಸೈಕಲ್ಲುಗಳು ಬಂದು, ದಾಟುವವರು ಬೆರಳೆಣಿಕೆಗಿಳಿದಿದ್ದಾರೆ. “ಮತ್ತೆ ಅಂಗಡಿ ಯಾಕಿಟ್ಕೊಂಡಿದೀರಪ್ಪ?” ಎಂದು ಕೇಳಿದೆ. “ಮುಚ್ಚಿದ್ರೆ ಇವ್ರೆಲ್ಲಿ ಕೂತ್ಕೋಬೇಕು ಸಾರ್?” ಎಂದು ಒಳಗಿನ ಬೆಂಚಿನತ್ತ ಕಣ್ಣು ತೋರಿಸಿದರು.

ಕಂಬಳಿ ಹೊದ್ದ ಇಬ್ಬರು ಕುಳಿತಿದ್ದರು. ಗೋಡೆಗೊರಗಿದ್ದವರು ಅವರೇ. ಎಂಬತ್ತು ದಾಟಿದೆ. ಒಂದು ಕಣ್ಣಿಗೆ ಪೊರೆ. ಹುಟ್ಟು ಹಿಡಿದು ಹಿಡಿದು ಕಾಯಿಗಟ್ಟಿದ ಅಂಗೈಗಳನ್ನು ಕಾಫಿಯ ಲೋಟದ ಸುತ್ತ ಮಡಿಸಿ ಕಾಯಿಸಿಕೊಳ್ಳುತ್ತಿದ್ದರು. ಎದುರಿಗೆ ಕುಳಿತೆ. “ಚೆನ್ನಾಗಿದೀರಾ?” ಎಂದೆ. ಅಂದು ‘ಏನಯ್ಯಾ’ ಎನ್ನುತ್ತಿದ್ದವನ ಬಾಯಲ್ಲಿ ಬಹುವಚನ ಬಂದದ್ದಕ್ಕೋ ಏನೋ, ಅವರಿಗೆ ನಗು ಬಂತು.

“ಪೆಟ್ಟಿಗೆ ಮೇಷ್ಟ್ರಲ್ವಾ?” ಎಂದರು.

ಇಪ್ಪತ್ತು ಸಲ ಮನಸ್ಸಿನಲ್ಲಿ ಒಪ್ಪಮಾಡಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಅರ್ಜಿ ಬರೆದವನು ನಾನು ಎಂದು ನೇರವಾಗಿ ಹೇಳಿಬಿಟ್ಟೆ.

“ಗೊತ್ತು. ಜವಾನ ಓದಿ ಏಳ್ದ. ಅಕ್ಷರ ಮುತ್ತಿನಂಗವೆ ಅಂದ” ಎಂದರು.

“ಯಾವಾಗ?”

“ಆವಾಗ್ಲೇಯ. ಗುತ್ತಿಗೆ ತಗುದ್ರಲ್ಲ, ಅವತ್ತೇ.”

“ಹಾಗಾದರೆ ನನ್ನ ಪೆಟ್ಟಿಗೆ ಯಾಕೆ ಹೊತ್ತಿರಿ?”

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಪೆಟ್ಟಿಗೆ ಏನ್ ಮಾಡಿತ್ತು ಮೇಷ್ಟ್ರೇ? ಒಂದ್ರುಪಾಯಿ ಬಂತಲ್ಲ, ಅವತ್ತಿಗಾಯ್ತು.”

ಕೇಳುಗರೇ, ಈ ಮಾತಿನಲ್ಲಿ ದೊಡ್ಡದೊಂದು ಕ್ಷಮೆಯನ್ನು ಕಾಣಬೇಕೆಂಬ ಆಸೆ ನನಗೂ ಆಯಿತು. ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಅವರು ನನ್ನನ್ನು ಕ್ಷಮಿಸುತ್ತಿರಲಿಲ್ಲ. ಆ ದಿನ ಮನೆಯಲ್ಲಿ ರಾಗಿ ಇರಲಿಲ್ಲವೆಂಬುದನ್ನು ಹೇಳುತ್ತಿದ್ದರು, ಅಷ್ಟೆ. ಕಾಫಿಯನ್ನು ಮುಗಿಸಿ, ಲೋಟವನ್ನು ಕೆಳಗಿಟ್ಟು, ಅವರೇ ಮುಂದುವರಿಸಿದರು.

“ತಡ ಆಗಿದ್ದು ದಿಟ. ನಿಮ್ ಮಾತ್ ಕೇಳ್ದೆ ಇದ್ದದ್ದೂ ದಿಟ. ಅದ್ಕೆ ಗುತ್ತಿಗೆ ಓದ್ರೆ ಓಗ್ಲಿ, ಬುಡಿ. ಕುಡ್ದಿದ್ದ ಅಂತ ಬರ್ದ್ರಲ್ಲ, ಅದು ಊರಲ್ಲಿ ನಿಂತೋಯ್ತು. ಮಗಳನ್ನ ನೋಡೋಕ್ ಬಂದೋರು ಕುಡುಕನ್ ಮನೆ ಅಂತ ಎದ್ದೋದ್ರು. ಎಲ್ಡು ಸಲ. ನಾನು ಅವತ್ತು ಕುಡ್ದಿರ್ನಿಲ್ಲ, ಮೇಷ್ಟ್ರೇ.”

“ಇಲ್ಲ. ಕುಡಿದಿರಲಿಲ್ಲ” ಎಂದೆ.

“ನಂಗ್ಯಾಕ್ ಏಳ್ತೀರಿ? ನಂಗೊತ್ತಲ್ಲ” ಎಂದರು.

ಅರ್ಥವಾಯಿತು. ಎದ್ದು ನಿಂತೆ. ಹೋಟೆಲಿನಲ್ಲಿದ್ದವರು ಯಜಮಾನರು, ಲೋಟ ತೊಳೆಯುವ ಹುಡುಗ, ಬೆಂಚಿನ ಮೇಲಿದ್ದ ಇನ್ನೊಬ್ಬ ಮುದುಕರು, ಹೊಳೆಯ ಕಡೆಯಿಂದ ಆಗತಾನೆ ಬಂದ ಒಬ್ಬ ಹೆಂಗಸು. ಆ ನಾಲ್ವರ ಎದುರಿಗೆ, ಅರ್ಜಿಯಲ್ಲಿ ಸುಳ್ಳು ಬರೆದೆನೆಂದು ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಹುಡುಗನಿಗೆ ನಾನು ಯಾವ ಅರ್ಜಿಯ ಮಾತಾಡುತ್ತಿದ್ದೇನೆಂದೇ ತಿಳಿಯಲಿಲ್ಲ. ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುದುಕರನ್ನೇ ನೋಡುತ್ತಿದ್ದಳು. ಅವರು ಒಮ್ಮೆ ತಲೆಯಾಡಿಸಿ, “ನಾಕೇ ಜನ” ಎಂದರು. ಆಮೇಲೆ, “ಕೂತ್ಕಳಿ, ಉಪ್ಪಿಟ್ಟು ಆರೋಯ್ತದೆ” ಎಂದರು.

ಅವರೆಕಾಳಿನ ಉಪ್ಪಿಟ್ಟನ್ನು ತಿಂದೆವು. ಹಣವನ್ನು ಕೊಡಲು ಹೋದಾಗ ಅವರು ತಡೆಯಲಿಲ್ಲ. ನನ್ನ ಪಾಲಿನದನ್ನು ಮಾತ್ರ ಕೊಡಲು ಬಿಟ್ಟರು, ತಮ್ಮದನ್ನು ತಾವೇ ಎಣಿಸಿಕೊಟ್ಟರು. ಹೊರಬರುವಾಗ ತೊಲೆಯ ಮೊಳೆಗಳ ಕೆಳಗೆ ಅಭ್ಯಾಸಬಲದಿಂದ ತಲೆ ಬಗ್ಗಿತು. ಆಗ ಹೊಳೆದ ಸಂಗತಿ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ಆ ಊರಿನಲ್ಲಿ ಅರ್ಜಿ ಬರೆಯಲೇಬೇಕಾದ ಸಂಗತಿ ಪ್ರತಿದಿನ ನನ್ನ ಹಣೆಗೆ ತಾಗುವಷ್ಟು ಹತ್ತಿರದಲ್ಲಿ ತೂಗುತ್ತಿತ್ತು. ಅದರ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಎರಡು ಗಂಟೆ ತಡವಾದದ್ದಕ್ಕೆ ಬರೆದೆ. ಅಕ್ಷರ ಕಲಿತವನ ಕೈಗೆ ಹುಟ್ಟು ಸಿಕ್ಕಂತೆ. ದಿಕ್ಕು ತಿಳಿಯದಿದ್ದರೆ ಗಿರಗಿರನೆ ತನ್ನ ಸುತ್ತಲೇ ತಿರುಗಿಸುತ್ತಾನೆ. ಮುಳುಗುವವರು ಬೇರೆಯವರು.

ಮಾದೇಶ್ವರನಿಗೆ ಹೊಳೆ ದಾಟಲು ಬಟ್ಟೆ ಸಾಕಾಯಿತು, ಅಂಬಿಗ ಬೇಕಾಗಲಿಲ್ಲ. ನಮ್ಮಂಥವರಿಗೆ ಅಂಬಿಗ ಬೇಕು. ಮಂಜು ಕವಿದ ದಿನ ಹರಿಗೋಲನ್ನು ಬಿಡುವುದಿಲ್ಲವೆನ್ನುವ ಅಂಬಿಗ ಇನ್ನೂ ಹೆಚ್ಚಾಗಿ ಬೇಕು. ಅಂದು ನನ್ನ ಕೂಗಾಟಕ್ಕೆ ಹೆದರಿ ಅವರು ಎದ್ದಿದ್ದರೆ, ಇಂದು ಈ ಮಾತನಾಡಲು ನಾನು ಇರುತ್ತಿದ್ದೆನೋ ಇಲ್ಲವೋ. ಈ ಸರಳವಾದ ಲೆಕ್ಕ ತಲೆಗೆ ಹತ್ತಲು ನನಗೆ ಇಷ್ಟು ವರ್ಷ ಹಿಡಿಯಿತು.

ಆ ಅರ್ಜಿ ಯಾವ ಕಟ್ಟಿನಲ್ಲಿದೆಯೋ, ಗೆದ್ದಲು ತಿಂದಿದೆಯೋ. ಅದನ್ನು ಹುಡುಕಿ ಒಂದು ಪದವನ್ನು ಹೊಡೆದುಹಾಕುವುದು ಇನ್ನು ಸಾಧ್ಯವಿಲ್ಲ. “ನಾಕೇ ಜನ” ಎಂದ ಮಾತು ಮಾತ್ರ ಕಿವಿಯಲ್ಲಿ ಉಳಿದಿತ್ತು. ಆಕಾಶವಾಣಿಯವರು ಬಾಲ್ಯಸ್ಮರಣೆಯನ್ನೋ ಪ್ರವಾಸದ ಅನುಭವವನ್ನೋ ಹೇಳಬಹುದೇ ಎಂದು ಕೇಳಿದಾಗ, ಇದನ್ನು ಹೇಳುತ್ತೇನೆಂದೆ, ಉದಾರವಾಗಿ ಒಪ್ಪಿದರು. ಹೋಟೆಲಿನ ಯಜಮಾನರಿಗೆ ದಿನ, ಹೊತ್ತು ತಿಳಿಸಿದ್ದೇನೆ. ಗೂಡಿನ ರೇಡಿಯೋ ಅಟ್ಟ ಸೇರಿ ಎಷ್ಟೋ ಕಾಲವಾಯಿತಂತೆ. ಆದರೆ ಲೋಟ ತೊಳೆಯುವ ಹುಡುಗನ ಫೋನಿನಲ್ಲಿ ಆಕಾಶವಾಣಿ ಕೇಳಿಸುತ್ತದೆ. ಅದನ್ನು ಒಂದು ಖಾಲಿ ಲೋಟದಲ್ಲಿ ನಿಲ್ಲಿಸಿದರೆ ಧ್ವನಿ ಜಗಲಿಯವರೆಗೂ ಬರುತ್ತದೆಂದು ಅವನು ನನಗೆ ತೋರಿಸಿದ್ದಾನೆ.

ಈಗ ಅವರು ಅಲ್ಲಿ ಕುಳಿತಿರಬಹುದು. ಅವರ ಊರಿನವರೂ, ಅವರ ಮಗಳ ಮನೆಯವರೂ, ಎಂದೋ ಎದ್ದುಹೋದ ಆ ಬೀಗರ ಮಕ್ಕಳು ಮೊಮ್ಮಕ್ಕಳೂ ಕೇಳುತ್ತಿರಬಹುದು. ಎಲ್ಲರಿಗೂ ತಿಳಿಯಲೆಂದು ಹೇಳುತ್ತಿದ್ದೇನೆ: 1977ರ ಜನವರಿಯ ಆ ಸೋಮವಾರ ಬೆಳಗ್ಗೆ ಕಡವಿನ ಅಂಬಿಗರು ಕುಡಿದಿರಲಿಲ್ಲ. ಹಿನ್ನೀರಿನ ಮೇಲೆ ಮಂಜು ಕವಿದಿತ್ತು. ಆಚೆಯ ದಡ ಕಾಣುತ್ತಿರಲಿಲ್ಲ.